ದೊಡ್ಡಪ್ಪನ ಹೆಸರಿನ ಪದಕಗಳು

ಅಪ್ಪಯ್ಯನ ಎರಡು ಪದಕ ತರಿಸಲು ನನಗೆ ಬಿದ್ದ ಖರ್ಚು ಮೊದಲೇ ಹೇಳಿಬಿಡುತ್ತೇನೆ: ಒಂದು ಛಾಪಾ ಕಾಗದ, ನೋಟರಿಯ ಫೀಸು, ಐದು ಸಲ ಉಡುಪಿಗೆ ಹೋಗಿಬಂದ ಬಸ್ಸಿನ ಹಣ. ಪದಕಕ್ಕೆ ಸರಕಾರ ಏನೂ ಕೇಳುವುದಿಲ್ಲ. ಛಾಪಾ ಕಾಗದ ಬೇಕಾದದ್ದು ಯಾಕೆಂದರೆ, ಸೈನ್ಯದ ಪುಸ್ತಕದಲ್ಲಿದ್ದ ಹೆಸರು ಅಪ್ಪಯ್ಯನದಲ್ಲ, ಅವರ ಅಣ್ಣನದು. ಆ ಕಾಗದದ ಒಂದು ಸಾಲನ್ನು ನಾನೇ ಹೇಳಿ ಬರೆಸಿದೆ. ಅದರ ವಿಷಯ ಬರೆಯಲಿಕ್ಕೆ ಈಗ ಕೂತಿದ್ದೇನೆ.

ನನ್ನದು ಹಳೆ ಮನೆ ಬಿಚ್ಚುವ ವ್ಯಾಪಾರ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರು ಮನೆ ಕೆಡವಿದರೂ ಬಾಗಿಲು, ಅದರ ಚೌಕಟ್ಟಿನ ದಾರಂದ, ಜಂತಿ, ಹೆಂಚು ಮಾತಾಡಿ ಎತ್ತಿಕೊಂಡು ಬರುತ್ತೇನೆ. ಕೈಯಲ್ಲಿ ಏನೂ ಇಲ್ಲದೆ ಶುರು ಮಾಡಿದವನು, ಬಾಯಿಯಿಂದಲೇ ಬದುಕಿದವನು. ಬೈಂದೂರಿನ ಒಂದು ಮನೆಯಲ್ಲಿ ಹಲಸಿನ ಬಾಗಿಲಿಗೆ ಚೌಕಾಸಿ ನಡೆದಿತ್ತು. ಯಜಮಾನರು ನಿವೃತ್ತ ಸೈನಿಕರು. ಗೋಡೆಯ ಮೇಲೆ ಗಾಜಿನೊಳಗೆ ಅವರ ಪದಕಗಳಿದ್ದವು. ನಮ್ಮ ಅಪ್ಪಯ್ಯನೂ ಬಾಂಗ್ಲಾ ಯುದ್ಧಕ್ಕೆ ಹೋಗಿದ್ದರು, ಕಿವಿ ಕಳೆದುಕೊಂಡು ಬೇಗ ಮನೆಗೆ ಬಂದರು, ಈಗ ತೀರಿಕೊಂಡು ಎರಡು ವರ್ಷವಾಯಿತು ಎಂದೆ. ಊರವರಿಗೆ ಅವರು ಬರೀ ಕೆಪ್ಪ, ನಾನು ಕೆಪ್ಪನ ಮಗ ಎನ್ನುವುದನ್ನು ಹೇಳಲಿಲ್ಲ.

ಪದಕ ಎಲ್ಲಿ ಎಂದು ಕೇಳಿದರು. ನೋಡಿಯೇ ಇಲ್ಲ ಎಂದೆ. ಹಾಗೆ ಬೇಗ ಬಂದವರ ಪದಕಗಳು ಎಷ್ಟೋ ದಾಖಲೆ ಕಚೇರಿಯಲ್ಲೇ ಬಿದ್ದಿರುತ್ತವಂತೆ, ಅರ್ಜಿ ಹಾಕಿದರೆ ಮನೆಯವರಿಗೆ ಕೊಡುತ್ತಾರಂತೆ.

"ಹಲ್ಸಿನ್ ಬಾಗ್ಲಿಗೆ ಬೆಳ್ಗಿಂದ ಚೌಕಾಸಿ ಮಾಡ್ತಿದ್ರಿ. ಪುಕ್ಕಟೆ ಸಿಕ್ಕುದನ್ನ್ ಬಿಟ್ಕಂಡ್ ಕೂಕಂಡಿದ್ರಿಯಲೆ ಮಾರಾಯ್ರೆ" ಎಂದು ನಕ್ಕರು.

ಬೀಜಾಡಿಯ ನಮ್ಮ ಮನೆಗೆ ಬಂದವನೇ ಅಪ್ಪಯ್ಯನ ಪೆಟ್ಟಿಗೆ ತೆಗೆದೆ. ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ ಸಿಕ್ಕಿತು. ಫೋಟೋ ಅಪ್ಪಯ್ಯನದು, ಹೆಸರು ದೊಡ್ಡಪ್ಪನದು. ದೊಡ್ಡಪ್ಪ ಹದಿನೆಂಟು ತುಂಬಿದ ವರ್ಷವೇ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಹೋದವರು. ಅಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನು ಅಮ್ಮ ಹೇಳಿದಳು. ಅಪ್ಪಯ್ಯನಿಗೆ ಆಗ ವಯಸ್ಸು ಸಾಲದು, ಮನೆಯಲ್ಲಿ ಗಂಜಿಗೂ ಗತಿಯಿಲ್ಲ. ಸತ್ತ ಅಣ್ಣನ ಶಾಲೆಯ ಸರ್ಟಿಫಿಕೇಟು ಹಿಡಿದು ಭರ್ತಿಗೆ ನಿಂತರು. ದಿನಾ ಬೆಳಿಗ್ಗೆ ಹಾಜರಿಗೆ ಅಣ್ಣನ ಹೆಸರು ಕರೆದರೆ ಇವರು ಓಗೊಡಬೇಕು. ಯುದ್ಧದಲ್ಲಿ ಪಕ್ಕದವನೊಬ್ಬ ಹೊಟ್ಟೆಗೆ ಗುಂಡು ಬಿದ್ದು, ಸಾಯುವವರೆಗೂ ಆ ಹೆಸರನ್ನೇ ಕೂಗುತ್ತಿದ್ದನಂತೆ. ಪದಕದ ಬಗ್ಗೆ ಒಮ್ಮೆ ಕಾಗದ ಬಂದಿತ್ತು. ಅದು ಅಣ್ಣನಿಗೆ ಬಂದದ್ದು ಎಂದು ಅಪ್ಪಯ್ಯ ಒಲೆಗೆ ಹಾಕಿದ್ದರು.

ನಾನು ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಉಡುಪಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿದೆ. ಅಪ್ಪಯ್ಯನ ಮರಣ ಪತ್ರದ ಹೆಸರು ಬೇರೆ, ಪುಸ್ತಕದ ಹೆಸರು ಬೇರೆ. ಇಬ್ಬರೂ ಒಬ್ಬರೇ ಎಂದು ಹೆಂಡತಿಯ ಪ್ರಮಾಣಪತ್ರ ತನ್ನಿ ಎಂದರು. ಇದರಲ್ಲಿ ನಾನು ಪಳಗಿದವನು, ಹಳೆ ಮನೆ ಕೊಳ್ಳುವಾಗ ಇಂಥ ಕಾಗದ ಎಷ್ಟು ಮಾಡಿಸಿದ್ದೇನೋ. ಅಮ್ಮನಿಗೆ ಉಬ್ಬಸ ಜೋರಾಗಿತ್ತು. ಅವಳು ಹೋದ ಮೇಲಾದರೆ ಮುಂಬಯಿಯಲ್ಲಿರುವ ನನ್ನ ತಂಗಿಯಂದಿರ ಸಹಿಗೂ ಅಲೆಯಬೇಕು ಎಂದು ಅವಸರ ಮಾಡಿದೆ. ಕುಂದಾಪುರದಲ್ಲಿ ಟೈಪು ಮಾಡುವವರು, ಆ ಹೆಸರಿನವರು ಮನೆಯಲ್ಲಿ ಬೇರೆ ಯಾರಾದರೂ ಇದ್ದರೇ ಎಂದು ಕೇಳಿದರು. ನಿಜ ಹೇಳಿದರೆ ಕೆಲಸ ಕೆಡುತ್ತದೆ. ಆ ಹೆಸರಿನ ಬೇರೆ ವ್ಯಕ್ತಿ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ ಎಂದೇ ಬರೆಯಿರಿ ಎಂದೆ.

ಅಮ್ಮನಿಗೆ ಓದಿ ಹೇಳಿದೆ.

"ಇರ್ಲೇ ಇಲ್ಲ ಅಂದ್ರೆ, ಅಳ್ವೆಯಲ್ ಹೋದವ್ರ್ ಯಾರ್ ಮಗಾ? ನಮ್ಮತ್ತೆ ಮೂರ್ ದಿನ ದಡದಲ್ ಕೂಕಂಡದ್ದ್ ಯಾರನ್ನ್ ಕಾದ್ಕಂಡ್?"

"ಅದ್ ಕಾಗ್ದದ್ ಮಾತ್ ಅಮ್ಮಾ. ಸತ್ತವ್ರಿಗೆ ಕಾಗ್ದದಿಂದ ಎಂತ ಆತ್?" ಎಂದೆ.

ನಾಲ್ಕು ದಿನ ಅವಳ ಹಿಂದೆ ಬಿದ್ದೆ. ಊರವರು ಅಪ್ಪಯ್ಯನನ್ನು ಏನೆಂದು ಕರೆಯುತ್ತಿದ್ದರು ನೆನಪಿದೆಯಾ ಎಂದು ಕೇಳಿದೆ. ಪದಕ ಗೋಡೆಯ ಮೇಲಿದ್ದರೆ ಅವರ ಬಾಯಿ ಮುಚ್ಚುತ್ತದೆ ಎಂದೆ. ದಾರಂದದ ರೇಟು ಇಳಿಸಿದ ಹಾಗೆ ಅಮ್ಮನನ್ನು ಇಳಿಸಿದೆ. ಐದನೆಯ ದಿನ ರಿಕ್ಷಾ ಹತ್ತಿ ಬಂದು ನೋಟರಿಯ ಎದುರು ಹೆಬ್ಬೆಟ್ಟು ಒತ್ತಿದಳು.

ಪದಕಗಳು ಆರೇಳು ತಿಂಗಳ ಮೇಲೆ ಅಂಚೆಯಲ್ಲಿ ಬಂದವು. ಎರಡರ ಅಂಚಿನಲ್ಲೂ ದೊಡ್ಡಪ್ಪನ ಹೆಸರು ಕೊರೆದಿತ್ತು. ಊರವರನ್ನು ಕರೆದು ತೋರಿಸಬೇಕೆಂದಿದ್ದವನಿಗೆ, ಇದು ಯಾರ ಹೆಸರು ಎಂದು ಕೇಳಿದರೆ ಏನು ಹೇಳಲಿ ಎನ್ನುವುದು ಆಗ ಹೊಳೆಯಿತು. ಕಪಾಟಿನೊಳಗೆ ಇಟ್ಟೆ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಕೊಂಡವರಿಗೆ ಒಬ್ಬೊಬ್ಬರಿಗೂ ಎಲೆ ಹಾಕಿ ಬಡಿಸುವ ಕ್ರಮ. ಅಣ್ಣನ ಎಲೆಗೆ ಅಪ್ಪಯ್ಯ ತಾವೇ ಬಡಿಸುತ್ತಿದ್ದರು, ಅವರ ನಂತರ ಅಮ್ಮ ಬಡಿಸಿದ್ದಳು. ಆ ವರ್ಷ ಒಂದು ಎಲೆ ಕಡಿಮೆ ಇತ್ತು. ದೊಡ್ಡಪ್ಪನದು ಮರೆತೆಯಾ ಎಂದು ಕೇಳಿದೆ.

"ಅಂಥವ್ರ್ ಇರ್ಲಿಲ್ಲ ಅಂದ್ ಹೆಬ್ಬೆಟ್ಟ್ ಒತ್ತಿ ಬಂದವ್ಳ್ ನಾನೇ ಅಲ್ದಾ? ಇನ್ ಯಾವ್ ಬಾಯಲ್ ಕರ್ದ್ ಬಡ್ಸುದ್?"

ನಾನು ಬಡಿಸುತ್ತೇನೆ ಎಂದು ಎಲೆ ಎತ್ತಿಕೊಂಡೆ. ಬೇಡ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಾನು ಹೆದರಿದ್ದು ಅದಕ್ಕೇ. ಚಳಿ ಶುರುವಾದ ಮೇಲೆ ಉಬ್ಬಸ ಹೆಚ್ಚಿ ಅವಳೂ ಹೋದಳು. ಈಗ ಅವಳ ಎಲೆಗೆ ನಾನು ಬಡಿಸುತ್ತೇನೆ. ದೊಡ್ಡಪ್ಪನದನ್ನು ಹಾಕಿದರೆ ತಡೆಯುವವರು ಯಾರೂ ಇಲ್ಲ. ಹಾಕಲಿಕ್ಕೆ ಕೈ ಬರುವುದಿಲ್ಲ.

ನಿಮ್ಮ ಮನೆಯಲ್ಲಿ ಸೈನ್ಯಕ್ಕೆ ಹೋಗಿಬಂದವರಿದ್ದರೆ, ಅವರು ಬದುಕಿರುವಾಗಲೇ ಬಿಡುಗಡೆ ಪುಸ್ತಕವನ್ನು ಎದುರಿಗಿಟ್ಟು ಕೂತು ಓದಿ. ಹೆಸರು, ಹುಟ್ಟಿದ ದಿನ ಬೇರೆ ಇದ್ದರೆ ಯಾಕೆಂದು ಅವರ ಬಾಯಿಯಿಂದಲೇ ಕೇಳಿಕೊಳ್ಳಿ. ಅರ್ಜಿ ನೀವೇ ಹಾಕಬಹುದು, ದಲ್ಲಾಳಿ ಬೇಡ. ಆದರೆ ಅವರೇ ಬೇಡವೆಂದು ಬಿಟ್ಟ ಪದಕವಾದರೆ ನೀವೂ ಬಿಡಿ. ಪ್ರಮಾಣಪತ್ರ ಮಾಡಿಸುವುದೇ ಆದರೆ, ಇದ್ದವರನ್ನು ಇರಲಿಲ್ಲ ಎನ್ನುವ ಸಾಲು ಅದರಲ್ಲಿ ಬೇಡ. ಕೆಲಸ ಕೆಟ್ಟರೆ ಕೆಡಲಿ. ಮುದಿ ತಾಯಿ ಒಮ್ಮೆ ಆಗದು ಎಂದರೆ ಎರಡನೇ ಸಲ ಕೇಳಬೇಡಿ. ನಿಮಗೆ ನನ್ನ ಹಾಗೆ ಮಾತು ಬರುವುದಾದರೆ, ಮೊದಲನೇ ಸಲವೂ ಯೋಚಿಸಿ ಕೇಳಿ.