ದಪ್ಪ ಪುಸ್ತಕದ ಬಗ್ಗೆ ನರಸಕ್ಕನ ಅಭಿಪ್ರಾಯ

ಹೋದ ವಾರ ಶಾಲೆಯ ಪುಸ್ತಕದ ಬೀರು ಖಾಲಿ ಮಾಡುವಾಗ ಕೆಳಗಿನ ಖಾನೆಯಿಂದ ಒಂದು ವಾಸನೆ ಎದ್ದಿತು. ನುಸಿಗುಳಿಗೆ, ಹಳೇ ರಟ್ಟು, ಅದರ ಜೊತೆಗೆ ಆಸ್ಪತ್ರೆಯ ವಾರ್ಡಿನಲ್ಲಿ ಬರುವಂಥದ್ದೇ ಇನ್ನೇನೋ. ಪುಸ್ತಕಕ್ಕೆ ಆಸ್ಪತ್ರೆಯ ವಾಸನೆ ಬರಲು ಕಾರಣವಿಲ್ಲ ಎಂದು ನನಗೂ ಗೊತ್ತು. ವಿಜ್ಞಾನ ಪಾಠ ಮಾಡುವವಳು ನಾನು, ಮಕ್ಕಳು ಇಂಥ ಮಾತು ಆಡಿದರೆ ಗದರುತ್ತೇನೆ. ಆದರೂ ಆ ಖಾನೆಯ ಮುಂದೆ ಸ್ವಲ್ಪ ಹೊತ್ತು ಕೈ ಮುಂದೆ ಮಾಡದೆ ಕೂತಿದ್ದೆ.

ಅಲ್ಲಿದ್ದದ್ದು ಡಾಕ್ಟರಿಕೆ ಓದುವವರ ಒಂದು ದಪ್ಪ ಪುಸ್ತಕ. ದೊಡ್ಡಉಳ್ಳಾರ್ತಿ ಕಡೆಯ ಮಕ್ಕಳ ಶಾಲೆಯಲ್ಲಿ ಅದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಹೊಸದಾಗಿ ಬಂದ ಹೆಡ್‌ಮಾಸ್ತರೂ ಅದನ್ನೇ ಕೇಳಿ, ರದ್ದಿಗೆ ಹಾಕಿ ಎಂದರು. ನಾನು ಆಗಲಿ ಎಂದವಳು ಅದನ್ನು ನನ್ನ ಚೀಲಕ್ಕೆ ತುರುಕಿಕೊಂಡೆ.

ನಮ್ಮ ಶಾಲೆಯಲ್ಲಿ ಶನಿವಾರ ಮಕ್ಕಳು ತಾವು ಓದಿದ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳಬೇಕು. ಇದು ನಾನೇ ಶುರು ಮಾಡಿದ ಪದ್ಧತಿ, ಹಾಗಾಗಿ ನನಗೆ ಇದರ ಬಗ್ಗೆ ಸ್ವಲ್ಪ ಜಂಬವೂ ಇದೆ. ಫಲ ಮಾತ್ರ ಅಷ್ಟಕ್ಕಷ್ಟೆ. ಪುರಾಣದ ಕಥೆ ಓದಿದವರು ಒಳ್ಳೆಯ ನೀತಿ ಇದೆ ಎನ್ನುತ್ತಾರೆ, ಚಿತ್ರ ಕಾದಂಬರಿ ಓದಿದವರು ಚಿತ್ರಗಳು ಚೆನ್ನಾಗಿವೆ ಎನ್ನುತ್ತಾರೆ. ಒಬ್ಬ ಮಹಾರಾಯ ಎರಡನ್ನೂ ಓದದೆ ಎರಡೂ ಮಾತು ಸೇರಿಸಿ ಹೇಳಿಬಿಟ್ಟ, ಅವನಿಗೇ ಹೆಚ್ಚು ಚಪ್ಪಾಳೆ ಬಿತ್ತು. ಪುಸ್ತಕದ ಬಗ್ಗೆ ನಿಜವಾದ ಅಭಿಪ್ರಾಯ ಕೊಟ್ಟವಳು ನನಗೆ ಗೊತ್ತಿರುವ ಹಾಗೆ ನರಸಕ್ಕ ಒಬ್ಬಳೇ. ಆಕೆಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳಿದ್ದನ್ನು ಕೇಳುತ್ತಿದ್ದಳು.

ನನ್ನ ಮೊದಲ ಕೆಲಸ ಮೊಳಕಾಲ್ಮೂರಿನಲ್ಲಿ. ನೇಕಾರರ ಬೀದಿಯಲ್ಲಿ ನರಸಕ್ಕನ ಮನೆಯ ಮುಂಭಾಗದ ಕೋಣೆ ಬಾಡಿಗೆಗೆ ಹಿಡಿದಿದ್ದೆ. ನಡುಮನೆಯಲ್ಲಿ ಆಕೆಯ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಮನುಷ್ಯರು ಸೊಂಟದಿಂದ ಮೇಲಷ್ಟೇ ಕಾಣುತ್ತಾರೆ. ಮೊದಲ ಸಂಜೆ ದೀಪ ಹಾಕದ ಆ ನಡುಮನೆಗೆ ನಾನು ಕಾಲಿಟ್ಟಾಗ, ನೆಲದಿಂದ ಎದ್ದ ಅರ್ಧ ಹೆಂಗಸು ಬಾರಮ್ಮ ಎಂದು ಕರೆದದ್ದು ಕಂಡು ನನ್ನ ಜೀವ ಬಾಯಿಗೆ ಬಂದಿತ್ತು. ಆಮೇಲೆ ಎಷ್ಟೋ ಸಲ ಅದನ್ನು ನೆನೆದು ಇಬ್ಬರೂ ನಕ್ಕಿದ್ದೇವೆ. ಮನೆಯಲ್ಲಿ ಆಡುವುದು ತೆಲುಗು, ನನ್ನ ಜೊತೆ ಮಾತ್ರ ಕನ್ನಡ.

ಆಕೆಯ ಗಂಡನ ವಿಷಯ ನನಗೆ ಬೀದಿಯವರು ಹೇಳಿದ್ದು. ಬಹಳ ವರ್ಷದ ಹಿಂದೆ ಯಾವುದೋ ಕಾಯಿಲೆ ತೋರಿಸಿಕೊಳ್ಳಲು ದೊಡ್ಡ ಆಸ್ಪತ್ರೆಗೆ ಒಬ್ಬನೇ ಹೋದವನು ವಾಪಸು ಬರಲಿಲ್ಲವಂತೆ. ಅವನ ತಮ್ಮ ಗೋವಿಂದಪ್ಪ ಊರೂರು ಸುತ್ತಿ ಹುಡುಕಿ ಬಂದನಂತೆ. ಯಾವ ಕಾಯಿಲೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನರಸಕ್ಕ ಹಣೆಗೆ ಕುಂಕುಮ ಇಟ್ಟು, ಕೈತುಂಬ ಹಸಿರು ಬಳೆ ತೊಟ್ಟು ನೇಯುತ್ತಿದ್ದಳು. ಬೀದಿ ಬಾಗಿಲ ಚಿಲಕವನ್ನು ಮಾತ್ರ ಮಲಗುವ ತನಕ ಹಾಕುತ್ತಿರಲಿಲ್ಲ.

ಆ ವರ್ಷ ಗೋವಿಂದಪ್ಪನ ಮಗಳಿಗೆ ಕೊಂಡ್ಲಹಳ್ಳಿಯಿಂದ ಗಂಡು ಬಂದಿತ್ತು. ಗಂಡಿನ ಕಡೆಯ ಹಿರಿಯರು ಒಂದು ಮಾತು ಹಾಕಿದರು: ನಿಮ್ಮ ಮನೆಯಲ್ಲಿ ಇದ್ದಾನೋ ಸತ್ತಿದ್ದಾನೋ ಗೊತ್ತಿಲ್ಲದವನು ಒಬ್ಬನಿದ್ದಾನೆ, ಮೊದಲು ಅವನದ್ದು ಮುಗಿಸಿ, ಆಮೇಲೆ ಶುಭಕಾರ್ಯ. ಮುಗಿಸುವುದು ಎಂದರೆ ದರ್ಭೆಯಲ್ಲಿ ಆಳಿನ ಗೊಂಬೆ ಕಟ್ಟಿ, ಅದನ್ನೇ ಸತ್ತವನೆಂದು ಸುಟ್ಟು, ಕರ್ಮ ಮಾಡುವುದು. ಆಮೇಲೆ ನರಸಕ್ಕ ಬಳೆ ತೆಗೆಯಬೇಕು. ಗೋವಿಂದಪ್ಪ ಕೆಟ್ಟವನಲ್ಲ. ಮಗ್ಗದ ಪಕ್ಕ ಕೂತು ತಲೆ ತಗ್ಗಿಸಿಕೊಂಡೇ ಒಪ್ಪಿಗೆ ಕೇಳುತ್ತಿದ್ದ. ಆಕೆ ಲಾಳಿ ಎಸೆಯುತ್ತಲೇ ಇದ್ದಳು. ಒಪ್ಪಿದರೆ ಗಂಡನನ್ನು ತಾನೇ ಕೊಂದ ಹಾಗೆ, ಒಪ್ಪದಿದ್ದರೆ ಆ ಹುಡುಗಿಯ ಮದುವೆ ನಿಂತ ಹಾಗೆ.

ಪುಸ್ತಕಗಳು ಬಂದದ್ದು ಅದೇ ದಿನಗಳಲ್ಲಿ. ರಜೆಗೆ ಚಳ್ಳಕೆರೆಗೆ ಹೋದಾಗ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ಗುಜರಿ ಅಂಗಡಿಯಲ್ಲಿ ಶಾಲೆಯ ಮಕ್ಕಳಿಗೆಂದು ತೂಕದ ಲೆಕ್ಕದಲ್ಲಿ ಪುಸ್ತಕ ಕೊಂಡೆ. ಚಿತ್ರ ಕಾದಂಬರಿ, ಮಕ್ಕಳ ಪುರಾಣ, ಇಂಥವು. ತಕ್ಕಡಿಯ ಮುಳ್ಳು ಸರಿಹೋಗಲಿಲ್ಲವೆಂದು ಅಂಗಡಿಯ ಸಾಹೇಬರು ಕೊನೆಗೆ ಈ ದಪ್ಪ ಪುಸ್ತಕವನ್ನು ಮೇಲೆ ಇಟ್ಟರು. ಚೌಕಾಸಿಯಲ್ಲಿ ನಾನೇ ಗೆದ್ದೆ ಎಂದುಕೊಂಡು ಬಸ್ಸಿನಲ್ಲಿ ತಳಕು ದಾಟುವವರೆಗೂ ಅದನ್ನು ಹೆಮ್ಮೆಯಿಂದ ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಸಂಜೆ ಶಾಲೆಯಿಂದ ಬಂದು ನರಸಕ್ಕನಿಗೆ ಓದಿ ಹೇಳುವುದು ರೂಢಿಯಾಯಿತು. ನನ್ನ ದನಿ ಚೆನ್ನಾಗಿದೆ ಎಂದು ಕಾಲೇಜಿನಲ್ಲಿ ಯಾರೋ ಒಬ್ಬರು ಹೇಳಿದ್ದರು, ಅದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಆದರೆ ಮಗ್ಗದ ಮೇಲೆ ಕೂತವರು ಕಣ್ಣು ತೆಗೆಯುವ ಹಾಗಿಲ್ಲ, ಒಂದು ಎಳೆ ಹರಿದರೆ ಸೀರೆಯೇ ಕೆಟ್ಟಿತು. ಆದ್ದರಿಂದ ಚಿತ್ರಗಳನ್ನೂ ನಾನೇ ಬಾಯಲ್ಲಿ ಹೇಳಬೇಕು. ಆಕೆ ಅವನ್ನು ತೆಲುಗಿನಲ್ಲಿ ಬೊಮ್ಮಲು ಎನ್ನುತ್ತಿದ್ದಳು. ಬರೆದದ್ದು ಬಿಡ್ರಿ ಮೇಡಂ, ಮೊದಲು ಬೊಮ್ಮ ಹೇಳ್ರಿ, ಎನ್ನುವಳು. ಹೀಗೆ ನನ್ನ ಬಾಯಿಂದ ಬಂದದ್ದೆಲ್ಲ ಆಕೆಯ ಕಣ್ಣಿಗೆ ಕಟ್ಟುತ್ತಿತ್ತು. ಅದು ಎಷ್ಟು ಗಟ್ಟಿಯಾಗಿ ಕಟ್ಟುತ್ತಿತ್ತು ಎಂದು ನನಗೆ ಆಗ ಗೊತ್ತಿರಲಿಲ್ಲ.

ಚಿತ್ರ ಕಾದಂಬರಿಯಲ್ಲಿ ಒಬ್ಬ ಪಾಳುಕೋಟೆಗೆ ಹೋಗುತ್ತಾನೆ. ಒಂದು ಚೌಕದಲ್ಲಿ ಬಾಗಿಲಲ್ಲಿ ನಿಂತಿದ್ದಾನೆ, ಮುಂದಿನ ಚೌಕದಲ್ಲಿ ಬಾವಿಯ ತಳದಲ್ಲಿದ್ದಾನೆ. ನಾನು ದನಿ ತಗ್ಗಿಸಿ, ಏರಿಸಿ, ದೆವ್ವಕ್ಕೆ ಬೇಕಾದ ಗಾಳಿಯನ್ನೂ ಬಾಯಲ್ಲೇ ಬೀಸಿದೆ. ನರಸಕ್ಕ ದೆವ್ವದ ಬಗ್ಗೆ ಏನೂ ಕೇಳಲಿಲ್ಲ. ಆ ಎರಡು ಚೌಕದ ನಡುವೆ ಏನಿದೆ ಎಂದು ಕೇಳಿದಳು. ಏನಿಲ್ಲ, ಬಿಳಿ ಜಾಗ ಎಂದೆ.

"ಮತ್ತೆ ಅಷ್ಟೊತ್ತು ಅವನು ಎಲ್ಲಿದ್ದ?"

ಆಮೇಲೆ ಆ ಪುಸ್ತಕ ತಿರುವಿದಾಗಲೆಲ್ಲ ನನಗೆ ಚಿತ್ರಕ್ಕಿಂತ ಆ ಬಿಳಿ ಗೆರೆಗಳೇ ಮೊದಲು ಕಾಣತೊಡಗಿದವು.

ಮಕ್ಕಳ ಪುರಾಣದಲ್ಲಿ ಗಂಡನ ಪ್ರಾಣ ಒಯ್ಯುತ್ತಿದ್ದ ಯಮನ ಹಿಂದೆಯೇ ನಡೆದು, ಮಾತಿನಲ್ಲಿ ಅವನನ್ನು ಕಟ್ಟಿಹಾಕಿ, ಗಂಡನನ್ನು ಬಿಡಿಸಿಕೊಂಡು ಬಂದವಳ ಕಥೆ ಇತ್ತು. ಮಕ್ಕಳು ಹೆದರಬಾರದೆಂದು ಯಮನಿಗೆ ದುಂಡು ಕೆನ್ನೆ, ನಗುಮುಖ ಬರೆದಿದ್ದರು. ಓದಿ ಮುಗಿಸಿದ ಮೇಲೆ, ಎಷ್ಟು ಧೈರ್ಯ ಅಲ್ವಾ ಅಕ್ಕ, ಎಂದೆ. ಆಕೆ ನೂಲು ಖಾಲಿಯಾದ ಕಂಡಿಕೆ ತೆಗೆದು ಬೇರೆಯದನ್ನು ಲಾಳಿಗೆ ಹಾಕಿಕೊಂಡಳು.

"ಧೈರ್ಯ ಏನ್ ಬಂತು. ಅವಳ ಅದೃಷ್ಟ. ಯಮ ಎದುರಿಗೇ ಬಂದ. ಕೇಳಾಕೆ ಒಬ್ಬನಾದ್ರೂ ಇದ್ನಲ್ಲ."

ಅಲ್ಲಿಗೆ ಕಥೆಪುಸ್ತಕಗಳು ಮುಗಿದವು. ಆ ದಪ್ಪದ್ದು ಯಾಕೆ ಓದಲ್ಲ ಎಂದು ಆಕೆಯೇ ಕೇಳಿದಳು. ಅದು ಡಾಕ್ಟರರದ್ದು, ಇಂಗ್ಲಿಷಿನಲ್ಲಿದೆ, ಕಥೆಯಲ್ಲ ಎಂದೆ. ಬೊಮ್ಮ ಅದಾವಲ್ಲ, ಅಷ್ಟು ಸಾಕು ಎಂದಳು. ಸರಿ, ಗುಂಡಿಗೆ, ಶ್ವಾಸಕೋಶ, ನರಗಳ ಚಿತ್ರ ಒಂದೊಂದಾಗಿ ಹೇಳಿದೆ. ಮೂರ್ನಾಲ್ಕು ಸಂಜೆ ಹೀಗೇ ನಡೆಯಿತು. ಪ್ರತಿ ಚಿತ್ರಕ್ಕೂ ಇದು ಯಾರದು ಎಂದು ಕೇಳುವಳು. ಯಾರದೂ ಅಲ್ಲ, ಸುಮ್ಮನೆ ಬರೆದದ್ದು ಎಂದರೆ ನಂಬುತ್ತಿರಲಿಲ್ಲ. ಯಾರದೂ ಅಲ್ಲದ ಗುಂಡಿಗೆ ಎಲ್ಲಿರುತ್ತೆ ಮೇಡಂ, ಎನ್ನುವಳು. ಅಂಥ ಮಾತು ಕೇಳಿದ ರಾತ್ರಿ ನಾನು ಪುಸ್ತಕವನ್ನು ನನ್ನ ಕೋಣೆಗೆ ಒಯ್ಯದೆ ಅಲ್ಲೇ ಗೋಡೆಯ ಗೂಡಿನಲ್ಲಿಟ್ಟು ಮಲಗುತ್ತಿದ್ದೆ.

ಒಂದು ಸಂಜೆ ಫೋಟೋಗಳ ಪುಟ ಬಂತು. ಎರಡು ಫೋಟೋ, ಪಕ್ಕ ಪಕ್ಕ, ಒಬ್ಬನೇ ಮನುಷ್ಯ. ನಾನು ಎಂದಿನಂತೆ ಹೇಳುತ್ತಾ ಹೋದೆ. ಒಬ್ಬ ಗಂಡಸು, ಅಂಗಿ ಇಲ್ಲ, ಬಡಕಲು ಎದೆ. ಗುರುತು ಸಿಗಬಾರದೆಂದು ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದ್ದಾರೆ. ಕುತ್ತಿಗೆಯಲ್ಲಿ ಇಷ್ಟು ದೊಡ್ಡ ಗಡ್ಡೆ. ಎಡಗಿವಿಯ ಹಾಲೆ ಹರಿದು ಎರಡಾಗಿದೆ.

ಮಗ್ಗ ನಿಂತಿತು. ನಾನು ಆ ಮನೆಗೆ ಬಂದ ಮೇಲೆ ಓದಿನ ನಡುವೆ ಮಗ್ಗ ನಿಂತದ್ದು ಅದೇ ಮೊದಲು. ಆ ಸದ್ದಿಗೆ ಎಷ್ಟು ಒಗ್ಗಿಹೋಗಿದ್ದೆನೆಂದರೆ, ನಿಂತಾಗ ಮನೆಯೊಳಗೆ ಇನ್ನೊಬ್ಬರು ಬಂದು ನಿಂತರೇನೋ ಎನಿಸಿ ಬಾಗಿಲ ಕಡೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನರಸಕ್ಕ ಎಳೆಗಳ ಮೇಲಿಂದ ಮುಖ ಎತ್ತದೆ, ಎರಡನೇ ಬೊಮ್ಮದಲ್ಲಿ ಏನೈತೆ ಎಂದು ಕೇಳಿದಳು.

ಎರಡನೆಯದರಲ್ಲಿ ಗಡ್ಡೆ ಇಲ್ಲ, ಹೊಲಿಗೆಯ ಗುರುತು ಮಾತ್ರ ಇದೆ, ಆಪರೇಷನ್ ಆದ ಮೇಲೆ ತೆಗೆದದ್ದು ಎಂದೆ. ಕಣ್ಣಿನ ಮೇಲೆ ಅದೇ ಪಟ್ಟಿ. ವಾಸಿ ಆಗೈತಾ ಎಂದು ಆಕೆ ಕೇಳಿದಳು. ಆಗಿದೆ ಅಂತ ಬರೆದಿದ್ದಾರೆ ಎಂದೆ. ತೋರಿಸಲೇ ಎಂದು ಪುಸ್ತಕ ಎತ್ತಿ ಹತ್ತಿರ ಹೋದರೆ, ಆಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬ್ಯಾಡ, ಮುಚ್ಚಿಡ್ರಿ ಎಂದಳು. ಆಮೇಲೆ ತನ್ನ ಗಂಡನಿಗೆ ಇದ್ದದ್ದು ಕುತ್ತಿಗೆಯ ಗಡ್ಡೆ, ಚಿಕ್ಕಂದಿನಲ್ಲಿ ಕಿವಿಯ ಒಂಟಿ ಸಿಕ್ಕಿಕೊಂಡು ಅವನ ಎಡಗಿವಿ ಹರಿದಿತ್ತು ಎಂದು ಒಂದೊಂದೇ ಮಾತಾಗಿ ಹೇಳಿದಳು.

ಒಂಟಿ ಹಾಕುವ ನಮ್ಮ ಕಡೆಯ ಗಂಡಸರಲ್ಲಿ ಹರಿದ ಕಿವಿ ಎಷ್ಟೋ ಜನಕ್ಕಿದೆ, ಗಡ್ಡೆಯೂ ಅಪರೂಪವಲ್ಲ, ಈ ಪುಸ್ತಕ ಯಾವ ಕಾಲದ್ದೋ ಯಾವ ಊರಿನದೋ ಎಂದು ಏನೇನೋ ಹೇಳಿದೆ. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಲಾಳಿಯನ್ನು ಮತ್ತೆ ಕೈಗೆತ್ತಿಕೊಂಡಳು.

"ವಾಸಿ ಆದೋರು ಬರಬೌದಾಗಿತ್ತಲ್ಲ ಮೇಡಂ."

ಮಾರನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಆಕೆ ಗೋವಿಂದಪ್ಪನನ್ನು ಕರೆಸಿ, ಕರ್ಮ ಮಾಡಿಬಿಡಿ ಎಂದು ಹೇಳಿಯಾಗಿತ್ತು.

ಗೊಂಬೆ ಒಯ್ದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅದಕ್ಕೆ ಬಿಳಿ ಪಂಚೆ ಸುತ್ತಿದ್ದರು, ಮುಖ ಬರೆದಿರಲಿಲ್ಲ. ಹೆಗಲು ಕೊಡಲು ನಾಲ್ಕು ಜನ ಬಂದಿದ್ದರೂ ಗೋವಿಂದಪ್ಪ ಒಬ್ಬನೇ ತೋಳಿನಲ್ಲಿ ಎತ್ತಿಕೊಂಡು, ನಿದ್ದೆ ಹೋದ ಕೂಸನ್ನು ಒಯ್ಯುವವನ ಹಾಗೆ ಮೆಲ್ಲಗೆ ನಡೆದ. ಹಾರ ಹಾಕಲು ಫೋಟೋ ಸಹ ಇರಲಿಲ್ಲ. ಇದ್ದ ಒಂದನ್ನು ಆಸ್ಪತ್ರೆಯಲ್ಲಿ ಕೇಳಿಯಾರೆಂದು ನರಸಕ್ಕನ ಗಂಡನೇ ಜೇಬಿನಲ್ಲಿಟ್ಟುಕೊಂಡು ಹೋಗಿದ್ದನಂತೆ. ಇಡೀ ಬೀದಿ ಸತ್ತವನನ್ನು ಸುಡಲು ಹೊರಟಿತ್ತು. ವಾಸಿಯಾಗಿ ಎಲ್ಲೋ ಓಡಾಡುತ್ತಿದ್ದಾನೆ ಎಂದು ನಂಬಿಕೊಂಡೇ ನರಸಕ್ಕ ಬಳೆ ತೆಗೆದಳು ಎಂಬುದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಮದುವೆ ಸುಸೂತ್ರವಾಗಿ ಆಯಿತು. ಮುಂದೆ ನನಗೂ ವರ್ಗವಾಯಿತು. ಪುಸ್ತಕಗಳ ಜೊತೆ ಆ ದಪ್ಪದ್ದೂ ನನ್ನ ಪೆಟ್ಟಿಗೆ ಸೇರಿ, ಶಾಲೆಯಿಂದ ಶಾಲೆಗೆ ಬಂತು.

ಮೊನ್ನೆ ಭಾನುವಾರ ಅದನ್ನು ಚೀಲದಲ್ಲಿಟ್ಟುಕೊಂಡು ಮೊಳಕಾಲ್ಮೂರಿಗೆ ಹೋದೆ. ಯಾಕೆ ಎಂದರೆ ಸರಿಯಾದ ಉತ್ತರ ಗೊತ್ತಿಲ್ಲ. ಆ ಮನುಷ್ಯನನ್ನು ರದ್ದಿಗೆ ಹಾಕಲು ನನಗೇನು ಅಧಿಕಾರ ಎನಿಸಿತ್ತು. ನರಸಕ್ಕನ ತಲೆ ಪೂರ್ತಿ ಬೆಳ್ಳಗಾಗಿದೆ, ನೇಯುವುದನ್ನು ಬಿಟ್ಟಿಲ್ಲ. ಪುಸ್ತಕ ಕಂಡೊಡನೆ ಗುರುತು ಹಿಡಿದಳು. ಈಗಲಾದರೂ ನೋಡುತ್ತೀಯಾ ಅಕ್ಕ ಎಂದೆ.

ಆವಾಗಲೇ ನೋಡಿದ್ದೆ ಎಂದಳು. ಆ ಫೋಟೋ ಹೇಳಿದ ಮಾರನೆಯ ಬೆಳಿಗ್ಗೆ ನಾನು ಶಾಲೆಗೆ ಹೋದ ಮೇಲೆ ಗೂಡಿನಿಂದ ತೆಗೆದು ನೋಡಿದಳಂತೆ. ಪಟ್ಟಿ ಇದ್ದರೂ ಬಾಯಿ, ಗಲ್ಲ, ಹೆಗಲು ನೋಡಿ ತಿಳಿಯಿತಂತೆ. ತನ್ನ ಗಂಡನಲ್ಲ, ಬೇರೆ ಯಾರೋ.

ನಾನು ನೀರು ಕುಡಿಯುತ್ತಿದ್ದ ಲೋಟ ಕೆಳಗಿಟ್ಟೆ. ಮತ್ತೆ ಯಾಕೆ ಒಪ್ಪಿದೆ ಎಂದು ಕೇಳಿದೆ.

"ನೀವು ಹೇಳೋವಾಗ ನಮ್ಮೋರೇ ಆಗಿದ್ರು ಮೇಡಂ. ವಾಸಿ ಆಗೈತೆ ಅಂದ್ರಲ್ಲ, ಬರಲಿಲ್ಲ ಅಂತ ಎಂಥಾ ಸಿಟ್ಟು ಬಂತು ನಂಗೆ. ಬೆಳಿಗ್ಗೆ ಬೊಮ್ಮ ನೋಡಿದ್ರೆ ಬ್ಯಾರೆಯೋರು. ಸಿಟ್ಟು ಮಾತ್ರ ಹಂಗೇ ಇತ್ತು. ಇಷ್ಟು ಸಿಟ್ಟು ಇಟ್ಕೊಂಡು ಕಾಯೋದು ಬ್ಯಾಡ ಅನ್ನಿಸ್ತು."

ಎದುರು ಮನೆಯಲ್ಲಿ ಯಾರದೋ ಮಗ್ಗ ನಡೆಯುತ್ತಿತ್ತು. ಆಮೇಲೆ ಆಕೆ ದನಿ ತಗ್ಗಿಸಿ ಇನ್ನೊಂದು ಹೇಳಿದಳು. ಈಗ ಸಿಟ್ಟೂ ಹೋಗಿದೆಯಂತೆ. ಗಂಡನ ಮುಖ ನೆನಪು ಮಾಡಿಕೊಂಡರೆ ಬಾಯಿ ಬರುತ್ತದೆ, ಮೂಗು ಬರುತ್ತದೆ, ಹರಿದ ಕಿವಿ ಬರುತ್ತದೆ. ಕಣ್ಣಿನ ಜಾಗದಲ್ಲಿ ಮಾತ್ರ ಕಪ್ಪು ಪಟ್ಟಿ. ಕನಸಿನಲ್ಲೂ ಹಾಗೇ ಬಂದು ಬಾಗಿಲಲ್ಲಿ ನಿಲ್ಲುತ್ತಾನಂತೆ. ಯಾರನ್ನು ನೋಡುತ್ತಿದ್ದಾನೆ ಎಂದು ತಿಳಿಯುವುದಿಲ್ಲವಂತೆ. ಎಷ್ಟು ಪ್ರಯತ್ನಪಟ್ಟರೂ ಪಟ್ಟಿ ಸರಿಸಲು ಆಗಿಲ್ಲ.

"ಅವರ ಕಣ್ಣು ಹೆಂಗಿದ್ವು ಅಂತ ನೀವು ಹೇಳ್ರಿ ಮೇಡಂ. ನೀವು ಹೇಳಿದ್ರೆ ಬರ್ತಾವೆ."

ನಾನು ಅವರನ್ನು ನೋಡೇ ಇಲ್ಲವಲ್ಲ ಅಕ್ಕ ಎಂದೆ. ಕೋಟೆ ನೋಡಿದ್ರಾ, ಯಮನ್ನ ನೋಡಿದ್ರಾ, ಹೇಳಲಿಲ್ವಾ ಎಂದಳು. ಇನ್ನು ಮಾತು ಬೇಡವೆಂಬಂತೆ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಎಳೆಗಳ ಮೇಲೆ ಕಣ್ಣಿಟ್ಟು, ಲಾಳಿ ಎಸೆಯಲು ಶುರು ಮಾಡಿದಳು. ನಾನು ಕನ್ನಡಕ ಹಾಕಿಕೊಂಡು ಆ ಪುಟ ತೆಗೆದೆ. ನನ್ನ ದನಿಯ ಬಗ್ಗೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಜಂಬವೆಲ್ಲ ಆ ಹೊತ್ತಿಗೆ ಎಲ್ಲಿ ಹೋಯಿತೋ. ಇಲ್ಲದ್ದನ್ನು ಹೇಳಬಾರದು ಎಂದು ನಾನು ಮಕ್ಕಳಿಗೆ ದಿನವೂ ಹೇಳುತ್ತೇನೆ. ಕಪ್ಪು ಪಟ್ಟಿಯನ್ನೇ ನೋಡುತ್ತಾ, ದೊಡ್ಡ ಕಣ್ಣು ಎಂದೆ.

ಮಗ್ಗ ನಡೆಯುತ್ತಲೇ ಇತ್ತು.

ಅಲ್ಲ, ಅಷ್ಟು ದೊಡ್ಡದಲ್ಲ, ಸ್ವಲ್ಪ ಒಳಗೆ ಹೋಗಿವೆ ಎಂದೆ. ನಡೆಯುತ್ತಲೇ ಇತ್ತು. ರೆಪ್ಪೆ ದಟ್ಟ ಎಂದೆ. ನಡೆಯುತ್ತಲೇ ಇತ್ತು. ಬಲಗಣ್ಣು ಎಡಗಣ್ಣಿಗಿಂತ ಒಂದಿಷ್ಟು ಸಣ್ಣದು, ನಗುವಾಗ ಅದೊಂದೇ ಮುಚ್ಚಿಕೊಳ್ಳುತ್ತದೆ ಎಂದೆ. ಯಾಕೆ ಹಾಗೆ ಅಂದೆನೋ, ಎಲ್ಲಿಂದ ಬಂತೋ, ದೇವರಾಣೆಗೂ ನನಗೆ ಗೊತ್ತಿಲ್ಲ.

ಮಗ್ಗ ನಿಂತಿತು.