ಸೀರಿಯಸ್ಸು, ಬೇಗ ಬಾ

ಬೆಳಿಗ್ಗೆ ಕಾಫಿ ಲೋಟ ಬಾಯಿಗಿಟ್ಟಿದ್ದೆ, ಪಾವಗಡದಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಅಮ್ಮಂಗೆ ಸೀರಿಯಸ್ಸು. ಬೇಗ ಬಾ." ಲೋಟ ಕೆಳಗಿಟ್ಟೆ.

ನೀವು ಬೇರೆ ಸೀಮೆಯವರಾದರೆ ಹೇಳಿಬಿಡುತ್ತೇನೆ, ಕೇಳಿ. ನಮ್ಮ ಕೊರಟಗೆರೆ, ಮಧುಗಿರಿ, ಶಿರಾ ಕಡೆ ಫೋನಿನಲ್ಲಿ ಯಾರೂ ಸಾಯುವುದಿಲ್ಲ. ಸೀರಿಯಸ್ ಆಗುತ್ತಾರೆ, ಅಷ್ಟೆ. ಹೆಣವನ್ನು ಜಗಲಿಯಲ್ಲಿ ಕೂರಿಸಿ ಆಗಿದ್ದರೂ ದೂರದ ಮಗಳಿಗೆ ಹೋಗುವ ಸುದ್ದಿ ಇದೇ. ದಾರಿಯಲ್ಲಿ ಎದೆ ಒಡೆದುಕೊಂಡಾಳು ಎಂಬ ಕರುಣೆ. ಇಂಗ್ಲಿಷಿನ ಗಂಧವಿಲ್ಲದ ನಮ್ಮಜ್ಜಿ ಕೂಡ ಆ ಮಾತು ಕಿವಿಗೆ ಬಿದ್ದ ಕೂಡಲೇ ಸೆರಗು ಬಾಯಿಗೊತ್ತಿಕೊಳ್ಳುತ್ತಿದ್ದಳು. ಈ ಕರುಣೆಗಿಷ್ಟು ಬೆಂಕಿ ಹಾಕ.

ಕೆಲವು ವರ್ಷಗಳ ಹಿಂದೆ ತೋವಿನಕೆರೆಯ ಮನೆಯಲ್ಲಿ ಅಪ್ಪನಿಗೆ ಮೇಲುಸಿರು ಹತ್ತಿತು. ಮಗಳನ್ನು ನೋಡಬೇಕು ಅಂದ. ಅಕ್ಕನಿಗೆ ಫೋನ್ ಮಾಡಿದೆ. ಬೇರೆ ಮಾತು ಹೊಳೆಯದೆ ಸೀರಿಯಸ್ಸು ಎಂದೆ. ಅಕ್ಕ ಕೇಳಿದಳು.

"ನಿಜ ಹೇಳು ಕಣ್ಲಾ. ಅಪ್ಪ ಹೋಗ್ಬುಟ್ನಾ?"

ಇಲ್ಲ ಕಣಕ್ಕ, ನಿನ್ನನ್ನೇ ಕೇಳ್ತಾ ಇದಾನೆ ಎಂದು ಮನೆದೇವರ ಮೇಲೆ ಆಣೆ ಇಟ್ಟೆ.

"ಆಯ್ತು ಬುಡು. ನಾನಾಗಿದ್ರೂ ಇಂಗೇ ಹೇಳ್ತಿದ್ದೆ."

ನಂಬಲಿಲ್ಲ. ಸಾವಿನ ಮನೆಗೆ ಮಗಳು ಒಬ್ಬಳೇ ಬರುವಂತಿಲ್ಲ. ಗಂಡನ ಕಡೆಯವರನ್ನು ಕೂಡಿಸಿಕೊಂಡು, ಹಾರ ಹಿಡಿದು ಬರಬೇಕು. ನೆಂಟರು ಸೇರಿ ಟೆಂಪೊ ಹೊರಡುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಇತ್ತ ಅಪ್ಪ ಬಾಗಿಲು ನೋಡುತ್ತಾ ಜೀವ ಹಿಡಿದುಕೊಂಡಿದ್ದ. ಸಂಜೆ, ಬೀದಿಯಿಂದಲೇ ಗೋಳೋ ಎಂದು ಅಳುತ್ತಾ ಅಕ್ಕ ಒಳಗೆ ನುಗ್ಗಿದಳು. ತೋಳ ಮೇಲೆ ದಪ್ಪ ಸೇವಂತಿಗೆ ಹಾರ.

ಅಪ್ಪ ಹಾರ ನೋಡಿದ. ಅವಳ ಮುಖ ನೋಡಿದ.

"ಯಾರಮ್ಮ ಹೋಗಿದ್ದು?" ಅಂದ.

ಅಕ್ಕ ಹಾರವನ್ನು ಬೆನ್ನ ಹಿಂದೆ ಮಾಡಿಕೊಂಡು ನಿಂತೇ ಇದ್ದಳು. ಬೆಳಗಾಗುವಷ್ಟರಲ್ಲಿ ಅಪ್ಪ ಹೋದ. ಆ ಹಾರವನ್ನು ಅವಳು ಮುಟ್ಟಲೊಲ್ಲಳು, ನಾನೇ ಹಾಕಿದೆ. ಆಮೇಲೆ ಎಷ್ಟೋ ಹಬ್ಬಕ್ಕೆ ಬಂದಳು, ಸೇವಂತಿಗೆ ಮಾತ್ರ ಮುಡಿಯಲಿಲ್ಲ.

ಈಗ ಹೆಂಡತಿಯ ಜೊತೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದೇನೆ. ಬೆಳಿಗ್ಗೆ ನಾನೂ ಆ ಹುಡುಗನನ್ನು ನಿಜ ಹೇಳು ಎಂದು ಕೇಳಿದೆ. ಅವನೂ ಆಣೆ ಇಟ್ಟ, ಉಸಿರಾಡ್ತವ್ಳೆ ಮಾವ ಅಂದ. ಆದರೂ ನಂಬಲು ನನ್ನಿಂದಲೂ ಆಗುತ್ತಿಲ್ಲ. ಎದುರಿಗೆ ಹೂವಿನಂಗಡಿ. ಅಲ್ಲಿ ಹೊತ್ತಾದ ಮೇಲೆ ಒಳ್ಳೆ ಹಾರ ಸಿಕ್ಕೋದಿಲ್ಲ, ಇಲ್ಲೇ ತಗೊಳ್ಳಿ ಎಂದು ಹೆಂಡತಿ ಮೆಲ್ಲಗೆ ಹೇಳಿದಳು. ಬೇಡ ಅಂದೆ. ಅಕ್ಕ ಹೋಗಿದ್ದರೆ, ತಮ್ಮ ಬರಿಗೈಲಿ ಬಂದ ಎಂದು ಜನ ಆಡಿಕೊಳ್ಳಲಿ. ಇದ್ದರೆ, ಅವಳು ಮೊದಲು ನೋಡುವುದು ನನ್ನ ಕೈಯನ್ನೇ.