ಮೀನಿಗೆ ಸೌಖ್ಯವಿಲ್ಲ

ನಮ್ಮ ಮನೆಯಿಂದ ಸಮುದ್ರಕ್ಕೆ ಹಿಂದೆ ಹತ್ತು ನಿಮಿಷದ ದಾರಿ. ಹೆದ್ದಾರಿ ಅಗಲವಾದ ಮೇಲೆ ಸಮುದ್ರವೇನೋ ಇದ್ದಲ್ಲೇ ಇದೆ, ದಾರಿ ಮಾತ್ರ ಇಲ್ಲ. ನಡುವೆ ಬಸ್ಸು ಲಾರಿಗಳ ಪ್ರವಾಹ, ಎರಡೂ ಬದಿಗೆ ಗೋಡೆ. ಆಚೆ ಹೋಗಬೇಕಾದರೆ ಹೊಸಂಗಡಿ ಪೇಟೆಯವರೆಗೆ ನಡೆದು, ಸೇತುವೆಯ ಅಡಿಯಿಂದ ದಾಟಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ನಡೆಯಬೇಕು. ದೇಶದ ಪ್ರಗತಿಗೆ ನಾನು ವಿರೋಧಿಯಲ್ಲ. ಆದರೆ ದಿನಾ ಸಂಜೆ ಕಡಲ ಬದಿಗೆ ಹೋಗಿ ಕುಳಿತು ಬರುತ್ತಿದ್ದ ನನ್ನ ಹೆಂಡತಿಗೆ ಪ್ರಗತಿಯ ಜೊತೆ ಅಷ್ಟು ನಡೆಯಲು ಆಗಲಿಲ್ಲ. ಆಮೇಲೆ ಕಾಯಿಲೆ ಬಂತು. ನಡೆಯುವ ಪ್ರಶ್ನೆಯೇ ತೀರಿತು.

ಮಂಗಳೂರಿನ ಡಾಕ್ಟರು, "ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ" ಎಂದರು. ಅಷ್ಟು ದಿನ ಗಡಸಾಗಿ ಮಾತಾಡುತ್ತಿದ್ದ ಮನುಷ್ಯ ಒಮ್ಮೆಲೇ ಮೆತ್ತಗಾದದ್ದು ಯಾಕೆಂದು ನಮ್ಮಿಬ್ಬರಿಗೂ ತಿಳಿಯಿತು. ಕಾರು ಗಡಿಯ ತಲಪಾಡಿ ದಾಟಿತು. ಆಗ ಅವಳು ಹೇಳಿದಳು:

"ಕಡಲಿನ ಮೀನು ಸಾಕುವ ಗಾಜಿನ ಪೆಟ್ಟಿಗೆ ಉಂಟಲ್ಲ, ಅದೊಂದು ತನ್ನಿ. ಜೀವ ಇರುವಂಥದ್ದು ಎಂತಾದರೂ ನೋಡ್ತಾ ಕೂತ್ಕೊಳ್ತೇನೆ."

"ದಿನಾ ನನ್ನನ್ನು ನೋಡ್ತಿ ಅಲ್ವಾ?"

"ಅದಕ್ಕೇ ಹೇಳಿದ್ದು."

ಎರಡು ಹೊತ್ತೂ ಮೀನು ತಿನ್ನುವ ಮನೆಗೆ ಮೀನು ಸಾಕುವ ಯೋಗ ಹೀಗೆ ಬಂತು.

ಮೀನಿನಂಗಡಿಯ ಯುವಕನ ಮುಂದೆ ನನ್ನ ಯೋಜನೆಯನ್ನು ಗಂಭೀರವಾಗಿ ಮಂಡಿಸಿದೆ. ಕಡಲ ಮಕ್ಕಳು ನಾವು, ಉಪ್ಪುನೀರಿಗೆ ನಮಗೇನು ಬರಗಾಲ, ಕ್ಯಾನಿನಲ್ಲಿ ತುಂಬಿಸಿ ತಂದರೆ ಆಯಿತು. ಅವನು ಪೂರ್ತಿ ಕೇಳಿ, "ಮಳೆಗಾಲ ಅಂಕಲ್. ಹೊಳೆನೀರೆಲ್ಲ ಸೇರಿ ಈಗ ಬದಿಯ ನೀರಿನಲ್ಲಿ ಉಪ್ಪೂ ಸರಿ ಇಲ್ಲ, ಕೊಳಕೂ ಉಂಟು. ಪುಡಿ ತಕೊಂಡು ಹೋಗಿ" ಎಂದು ಸಮುದ್ರದ ಉಪ್ಪಿನ ಚೀಲವೊಂದನ್ನು ಕೈಗೆ ಕೊಟ್ಟ. ಅಲೆಯ ಸದ್ದು ಕೇಳುವಷ್ಟು ಹತ್ತಿರದ ಮನೆಗೆ ಸಮುದ್ರವನ್ನು ಚೀಲದಲ್ಲಿ ಕೊಂಡುಹೋದ ಮೊದಲನೆಯವನು ನಾನಿರಬೇಕು.

ನೀರು ತುಂಬಿಸಿದ ಕೂಡಲೇ ಮೀನು ಬಿಡುವಂತೆಯೂ ಇರಲಿಲ್ಲ. ಫಿಲ್ಟರು ವಾರಗಟ್ಟಲೆ ಓಡಬೇಕು. ಮೀನಿನ ಹೊಲಸನ್ನು ತಿಂದು ನೀರನ್ನು ಶುದ್ಧ ಮಾಡುವ, ಕಣ್ಣಿಗೆ ಕಾಣದ ಜೀವಿಗಳು ಅದರಲ್ಲಿ ಬೆಳೆಯಬೇಕು. ಜಡಿಮಳೆಯ ಆಟಿ ತಿಂಗಳ ಆ ಕತ್ತಲೆ ಹಗಲುಗಳಲ್ಲಿ ಅವಳು ಆರಾಮ ಕುರ್ಚಿಯಲ್ಲಿ ಕುಳಿತು ಖಾಲಿ ನೀರನ್ನು ನೋಡುತ್ತಿದ್ದಳು. ಗಂಜಿಯ ಲೋಟ ಪಕ್ಕದಲ್ಲಿ ಹಾಗೇ ಆರುತ್ತಿತ್ತು.

ಒಂದು ದಿನ ಕೇಳಿದಳು, "ನಾನಿರುವಾಗಲೇ ಬರ್ತದಾ ಮೀನು?"

ನಾನು ಫಿಲ್ಟರಿನ ವಯರು ಸರಿಮಾಡುವವನಂತೆ ಬಗ್ಗಿದೆ. ಆ ಹೊತ್ತಿನಿಂದ ನನಗೆ ಬೇರೆ ಪ್ರಾರ್ಥನೆ ಇರಲಿಲ್ಲ. ಅವಳು ಗುಣವಾಗಲಿ ಎಂದು ಬೇಡುವಷ್ಟು ಹುಂಬತನ ನನ್ನಲ್ಲಿ ಉಳಿದಿರಲಿಲ್ಲ. ಬರುವ ಮೀನುಗಳು ಅವಳಿಗಿಂತ ಮೊದಲು ಹೋಗದಿದ್ದರೆ ಸಾಕು.

ಕೊನೆಗೆ ಮೂರು ಮೀನು ಬಂದವು. ಬಿಳಿ ಪಟ್ಟೆಯ ಕಿತ್ತಳೆ ಬಣ್ಣದವು ಎರಡು, ನೀಲಿಯದೊಂದು. ಮೀನು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಮೊದಲು ಹಾಗೇ ಟ್ಯಾಂಕಿನಲ್ಲಿ ತೇಲಿಸಿದೆ, ಒಳಗಿನ ಮತ್ತು ಹೊರಗಿನ ನೀರಿನ ಬಿಸಿ ಒಂದಾಗಲಿ ಎಂದು. ಮತ್ತೆ ಟ್ಯಾಂಕಿನ ನೀರನ್ನು ಚಮಚ ಚಮಚವಾಗಿ ಚೀಲಕ್ಕೆ ಹಾಕಿದೆ, ಹೊಸ ಉಪ್ಪು ಮೈಗೆ ಹಿಡಿಯಲಿ ಎಂದು. ಅವಳು ಕುರ್ಚಿಯಿಂದಲೇ ಅಧ್ಯಕ್ಷತೆ ವಹಿಸಿದಳು: "ಅವಸರ ಮಾಡ್ಬೇಡಿ. ಮದುವೆಯಾಗಿ ಬಂದ ದಿನ ನಿಮ್ಮ ಮನೆಯವರು ನನಗೆ ಇಷ್ಟು ಪುರುಸೊತ್ತು ಕೊಡ್ಲಿಲ್ಲ."

ಆ ದಿನ ದೀಪ ಹಾಕಬಾರದು, ಆಹಾರವೂ ಬೇಡ, ಮುಂದೆಯೂ ಕೊಟ್ಟರೆ ದಿನಕ್ಕೊಂದು ಸಣ್ಣ ಚಿಟಿಕೆ ಎಂದು ಅಂಗಡಿಯವನ ಆಜ್ಞೆ. ಮರುದಿನ ಬೆಳಿಗ್ಗೆ ಆ ಚಿಟಿಕೆ ಹಾಕಿದೆ. ಪಟ್ಟೆಯದೊಂದು ಮುಂದೆ ಬಂದು, ಅನುಮಾನಿಸಿ, ಒಂದು ಕಾಳನ್ನು ನುಂಗಿತು. ಅದನ್ನು ನೋಡುತ್ತಾ ನೋಡುತ್ತಾ ಅವಳೂ ಗಂಜಿಯ ಲೋಟ ಪೂರ್ತಿ ಮಾಡಿದ್ದಳು. ನಾನು ಅಡುಗೆಮನೆಗೆ ಹೋಗಿ ಖಾಲಿ ಲೋಟವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನಿಂತೆ.

ಆಮೇಲೆ ಆದಿತ್ಯವಾರ ಬಂತು.

ನಮ್ಮ ಕಡೆ ಕಾಯಿಲೆಯವರನ್ನು ನೋಡಿಕೊಂಡು ಬರುವುದು ತಪ್ಪಿಸಬಾರದ ಕರ್ತವ್ಯ. ಬ್ರೆಡ್ಡು, ಬಿಸ್ಕೆಟ್ಟು, ಮುಸುಂಬಿ ಹಿಡಿದು ಬರಬೇಕು. ಮಂಚದ ಸುತ್ತ ಕೂರಬೇಕು. "ತುಂಬ ಸೊರಗಿದ್ದಾರಲ್ಲ" ಎನ್ನಬೇಕು. ಇದೇ ಕಾಯಿಲೆಯಲ್ಲಿ ತೀರಿಹೋದ ಯಾರದಾದರೂ ಕಥೆ ಹೇಳಿ ಧೈರ್ಯ ತುಂಬಬೇಕು. ಕೊನೆಗೆ ತಿನ್ನು, ತಿನ್ನು ಎಂದು ಒತ್ತಾಯಿಸಿ ಚಾ ಕುಡಿದು ಹೋಗಬೇಕು. ನಮ್ಮ ಕಪಾಟಿನಲ್ಲಿದ್ದ ಬ್ರೆಡ್ಡಿನಿಂದ ಒಂದು ಬೇಕರಿ ತೆರೆಯಬಹುದಿತ್ತು. ಅವಳು ಬಂದವರಿಗೆಲ್ಲ ನಕ್ಕು ನಕ್ಕು, ಅವರು ಗೇಟು ದಾಟಿದ ಮೇಲೆ ಕಣ್ಣು ಮುಚ್ಚಿ ಮಲಗಿದರೆ ಸಂಜೆಯವರೆಗೆ ತೆರೆಯುತ್ತಿರಲಿಲ್ಲ.

ಆ ದಿನ ಪೆರ್ಲದಿಂದ ನನ್ನ ಅಕ್ಕ ಬಂದಿದ್ದಳು. ಜೊತೆಗೆ ಎರಡು ಕಾರು ತುಂಬ ಸಂಬಂಧಿಕರು. ಅಕ್ಕ ಗಾಜಿಗೆ ಬೆರಳಿನಿಂದ ಟಕಟಕ ಬಡಿದು ಕೇಳಿದಳು:

"ಇದು ತಿನ್ನುವ ಜಾತಿಯಾ ಮಾರಾಯ?"

"ನೋಡುವ ಜಾತಿ."

"ಎಷ್ಟು ದೂರದಿಂದ ಬಂದದ್ದು ಪಾಪ. ಹೊಟ್ಟೆಗೆ ಎಂತ ಕೊಟ್ಟೆ?"

"ಬೆಳಿಗ್ಗೆ ಒಂದು ಚಿಟಿಕೆ."

"ಒಂದು ಚಿಟಿಕೆಯಾ! ನೆಂಟರಿಗೆ ಅಳತೆ ಮಾಡಿ ಬಡಿಸುವ ಬುದ್ಧಿ ನಿನಗೆ ಯಾರು ಕಲಿಸಿದ್ದು? ನಮ್ಮ ಅಮ್ಮ ಅಂತೂ ಅಲ್ಲ."

ನಾನು ಚಾ ಮಾಡಲು ಒಳಗೆ ಹೋದೆ. ಬಂದವರಿಗೆ ಬೆಲ್ಲ-ನೀರು ಕೊಡದೆ ಮಾತಾಡಿಸದ ಮನೆತನ ನಮ್ಮದು. ಮೀನಿಗೆ ಬೆಲ್ಲ ಆಗುವುದಿಲ್ಲವೆಂಬಷ್ಟು ವಿವೇಕ ಅಕ್ಕನಿಗಿತ್ತು. ಆದ್ದರಿಂದ ಟ್ಯಾಂಕಿನ ಮೇಲಿದ್ದ ಆಹಾರದ ಡಬ್ಬಿಯಿಂದ ಧಾರಾಳವಾಗಿ ಹಾಕಿದಳು, ಪಕ್ಕದವರಿಗೂ ಕೊಟ್ಟಳು. ಅವರು ಭಕ್ತಿಯಿಂದ ಒಬ್ಬೊಬ್ಬರಾಗಿ ಹಾಕಿದರು. ಚಾ ತಟ್ಟೆ ಹಿಡಿದು ಬರುವಾಗ ಡಬ್ಬಿ ಅರ್ಧ ಆಗಿತ್ತು. ಹೆಂಡತಿ ಕುರ್ಚಿಯಿಂದ ಮೆಲ್ಲಗೆ ಹೇಳಿದಳು, "ನಾನು ಬೇಡ ಅಂದೆ. ನನ್ನ ಮಾತು ಕೇಳ್ಲಿಲ್ಲ." ಅವಳ ಸ್ವರ ಆಗಲೇ ಅಷ್ಟು ಸಣ್ಣದಾಗಿತ್ತು.

ಸಣ್ಣ ಬಲೆಯಿಂದ ಆದಷ್ಟು ಆಹಾರ ತೆಗೆದೆ. ಉಳಿದದ್ದು ಕಲ್ಲುಗಳ ಸಂದಿಗೆ ಹೋಗಿ ಕೊಳೆಯಿತು. ಬೆಳಗಾಗುವಾಗ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿ, ನೀಲಿಯದು ಮತ್ತು ಪಟ್ಟೆಯದೊಂದು ಅಡ್ಡ ಬಿದ್ದಿದ್ದವು. ಉಪವಾಸದಿಂದ ಸತ್ತ ಮೀನುಗಳನ್ನು ಲೋಕ ಕಂಡಿರಬಹುದು. ನಮ್ಮವು ಸತ್ಕಾರದಿಂದ ಸತ್ತವು.

"ಎಲ್ಲಿ ಹಾಕಿದ್ರಿ?" ಎಂದು ಕೇಳಿದಳು.

"ತೆಂಗಿನ ಬುಡಕ್ಕೆ."

"ಒಳ್ಳೆಯದಾಯ್ತು. ತೆಂಗಿಗೆ ಉಪ್ಪು ಹಾಕದೆ ತುಂಬ ಸಮಯ ಆಗಿತ್ತು."

ಆ ದಿನ ಗಂಜಿ ಮುಟ್ಟಲಿಲ್ಲ.

ಉಳಿದ ಒಂದು ಮೀನು ಕಲ್ಲಿನ ಹಿಂದೆ ಮೂಲೆ ಹಿಡಿದು ಜೋರಾಗಿ ಉಸಿರಾಡುತ್ತಿತ್ತು. ಅಂಗಡಿಗೆ ಫೋನು ಮಾಡಿದೆ. ಸ್ವಲ್ಪ ನೀರು ಬದಲಿಸಿ, ಹೊಸ ನೀರಿಗೆ ಉಪ್ಪು ಅಳತೆ ನೋಡಿ ಹಾಕಿ, ದೀಪ ಆರಿಸಿ, ಗಾಜಿಗೆ ಬಟ್ಟೆ ಮುಚ್ಚಿ, ತಿನ್ನಲು ಕೊಡಬೇಡಿ, ಹತ್ತಿರ ಯಾರೂ ಹೋಗಬೇಡಿ ಎಂದ. "ಅದಕ್ಕೆ ಈಗ ಬೇಕಾದದ್ದು ಅಷ್ಟೇ ಅಂಕಲ್. ಅದರಷ್ಟಕ್ಕೆ ಬಿಡಿ."

ಫೋನಿನ ಸ್ಪೀಕರು ಹಾಕಿದ್ದೆ. ಅವಳು ಕೇಳಿಸಿಕೊಂಡು, ಮಂಚದ ಬದಿಯಲ್ಲಿದ್ದ ತನ್ನ ಹಳೆಯ ನೂಲಿನ ಸೀರೆಯನ್ನು ತೋರಿಸಿದಳು. ಅದನ್ನೇ ಟ್ಯಾಂಕಿಗೆ ಹೊದಿಸಿದೆ. ಕಿಟಕಿಯ ಪರದೆಯನ್ನೂ ಎಳೆಯಲು ಹೇಳಿದಳು. ಕೋಣೆ ಕತ್ತಲಾಯಿತು. ಹೊರಗೆ ಮಳೆ, ಅದರಾಚೆ ಹೆದ್ದಾರಿಯ ಹುಯ್ಲು. ಅವಳು ಎಷ್ಟೋ ದಿನಗಳ ಮೇಲೆ ಭುಜ ಸಡಿಲಿಸಿ ಕುರ್ಚಿಗೆ ಒರಗಿದಳು.

"ಇನ್ನು ಯಾರು ಬಂದರೂ ಮೀನಿಗೆ ಸೌಖ್ಯವಿಲ್ಲ, ಒಳಗೆ ಬರ್ಲಿಕ್ಕಿಲ್ಲ ಅಂತ ಹೇಳಿ."

"ನಿನ್ನನ್ನು ನೋಡ್ಲಿಕ್ಕೆ ಬಂದವರಿಗೆ?"

"ಅವರಿಗೇ ಹೇಳ್ಬೇಕಾದ್ದು."

ಆಗ ನನಗೆ ಅರ್ಥವಾಯಿತು. ಅಂಗಡಿಯವನ ಆದೇಶದ ಒಂದೊಂದು ಮಾತನ್ನೂ ಅವಳು ಯಾರ ಪರವಾಗಿ ಕೇಳಿಸಿಕೊಂಡಿದ್ದಳು ಎಂದು.

ಗೇಟಿನಲ್ಲಿ ನಿಂತು ನಾನು ಆ ಪ್ರಕಟಣೆಯನ್ನು ಹೊರಡಿಸತೊಡಗಿದೆ. ಮಂಜೇಶ್ವರದವರು ಬ್ರೆಡ್ಡಿನ ಚೀಲ ನನ್ನ ಕೈಗಿಟ್ಟು ಅನುಮಾನದಿಂದಲೇ ವಾಪಸಾದರು. ಬಾಯಾರಿನಿಂದ ಬಂದವರು ನನಗೂ ಸೌಖ್ಯವಿಲ್ಲವೋ ಎಂಬಂತೆ ನೋಡಿದರು. ಅಕ್ಕ ಫೋನಿನಲ್ಲಿ, "ಮೀನಿಗೆ ಎಂತ ಆದದ್ದು ಮಾರಾಯ? ಹೊಟ್ಟೆಗೆ ಸರಿಯಾಗಿ ಕೊಡದೆ ಆದದ್ದು, ನಾನು ಅಂದೇ ಹೇಳಿದ್ದೆ" ಎಂದು ಬೈದಳು. ಆಹಾರದ ಡಬ್ಬಿ ನನ್ನ ಅಂಗಿಯ ಜೇಬಿಗೆ ಬಂತು.

ಕತ್ತಲಿನಲ್ಲಿ ನಾವು ಮೂವರೂ ಕಾದೆವು. ಸೀರೆಯ ಅಂಚು ಎತ್ತಿ ದಿನಾ ಬೆಳಿಗ್ಗೆ ಇಣುಕುವ ಅಧಿಕಾರ ಅವಳೊಬ್ಬಳಿಗೆ. ಒಂದು ಬೆಳಿಗ್ಗೆ ಕೈಸನ್ನೆ ಮಾಡಿ ಕರೆದಳು. ಪಟ್ಟೆಯ ಮೀನು ಕಲ್ಲಿನ ಹಿಂದಿನಿಂದ ಹೊರಬಂದಿತ್ತು. ನಾನು ಜೇಬಿನ ಡಬ್ಬಿಯಿಂದ ಒಂದೆರಡು ಕಾಳು ಹಾಕಿದೆ. ತಿಂದಿತು. ಅವಳು ಲೋಟಕ್ಕೆ ಕೈ ಚಾಚಿದಳು. ಎರಡು ಗುಟುಕು ಕುಡಿದು ಕೆಳಗಿಟ್ಟಳು. ಮೂರನೆಯದಕ್ಕೆ ನಾನು ಒತ್ತಾಯಿಸಲಿಲ್ಲ.

ಮೀನು ಬದುಕಿತು. ಸೀರೆ ತೆಗೆದೆವು, ದೀಪ ಹಾಕಿದೆವು. ಅದು ಈಗ ಉದ್ದಕ್ಕೂ ಅಡ್ಡಕ್ಕೂ ಈಜುತ್ತದೆ, ನನ್ನ ಜೇಬಿನ ಗುರುತು ಹಿಡಿಯುತ್ತದೆ. ಅವಳು ನೋಡುವ ಹೊತ್ತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಇದೆ. ನಡುನಡುವೆ ಕಣ್ಣು ಮುಚ್ಚುತ್ತದೆ.

"ಇದು ಸರಿಯಾಯ್ತಲ್ಲ, ಇನ್ನು ಜನರಿಗೆ ಎಂತ ಹೇಳುವುದು?" ಎಂದು ಕೇಳಿದೆ.

"ಸರಿಯಾಯ್ತು ಅಂತ ಮಾತ್ರ ಹೇಳ್ಬೇಡಿ."

ಹಾಗಾಗಿ ಈಗಲೂ ಗೇಟಿನ ಬಳಿ ಯಾರಾದರೂ ನಿಂತು ಕೇಳಿದರೆ, ಇಲ್ಲ, ಇನ್ನೂ ಗುಣವಾಗಿಲ್ಲ ಎನ್ನುತ್ತೇನೆ. ಪೂರ್ತಿ ಸುಳ್ಳೇನಲ್ಲ. ಅವರು ಒಳಗಿನ ಬಾಗಿಲಿನ ಕಡೆ ಒಮ್ಮೆ ನೋಡಿ, ಬ್ರೆಡ್ಡು ಕೊಟ್ಟು ಹೋಗುತ್ತಾರೆ.